ಅಪ್ಪನ ಬೆನ್ನ ಹಿಂದೆ ಆನೆ

ಕಿರಂಗೂರು

ಆಫ್ರಿಕಾಕ್ಕೆ ನಾನು ಹೋಗಬೇಕೆಂದಿದ್ದುದು ವನಜಾಳ ಜೊತೆ, ಅಪ್ಪನ ಜೊತೆ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರಿನಲ್ಲಿ ಈಗ ಎಲ್ಲರೂ ನನ್ನನ್ನು ಕಂಡರೆ "ಅಪ್ಪನ್ನ ಇಮಾನ ಅತ್ಸಿದ ಮಗಳು" ಎಂದು ಹೊಗಳುತ್ತಾರೆ. ಆ ಹೊಗಳಿಕೆ ನನಗೆ ಸಲ್ಲಬೇಕಾದದ್ದಲ್ಲ.

ವನಜಾ ಮತ್ತು ನಾನು ನಾಗಮಂಗಲದ ಒಂದು ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಒಟ್ಟಿಗೆ ಪಾಠ ಮಾಡುತ್ತಿದ್ದೇವೆ. ಅವಳದು ಗಣಿತ, ನನ್ನದು ಜೀವಶಾಸ್ತ್ರ. ಕೀನ್ಯಾದ ಕಾಡಿನಲ್ಲಿ ಡೇರೆ ಹಾಕಿಕೊಂಡು ನಾಲ್ಕು ದಿನವಾದರೂ ಪ್ರಾಣಿಗಳ ನಡುವೆ ಇರಬೇಕೆಂಬುದು ನನ್ನ ಹಳೆಯ ಆಸೆ. ಒಬ್ಬಳೇ ಹೋಗಲು ಧೈರ್ಯ ಸಾಲದೆ ವನಜಾಳನ್ನು ಒಂದು ವರ್ಷ ಕಾಡಿಸಿ ಒಪ್ಪಿಸಿದ್ದೆ. ದಸರಾ ರಜೆಗೆ ಟಿಕೆಟ್ಟೂ ಆಗಿತ್ತು. ಹೊರಡಲು ಒಂದು ತಿಂಗಳಿರುವಾಗ ಅವಳು ಕೆ.ಆರ್. ಪೇಟೆಯ ತವರುಮನೆಯಲ್ಲಿ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಳು.

"ನಿಮ್ಮಪ್ಪನ್ನ ಕರ್ಕಂಡೋಗು," ಎಂದಳು ಅವ್ವ. "ದನ ನಾನ್ ನೋಡ್ಕತೀನಿ. ಹತ್ತು ದಿನ ನಂಗೂ ಮನೇಲಿ ನೆಮ್ಮದಿ ಇರ್ತದೆ."

ಅಪ್ಪನಿಗೆ ಅರವತ್ತೊಂಬತ್ತು. ಹೆಸರು ಬೋರೇಗೌಡ. ಆರು ಹಸು, ಒಂದಿಷ್ಟು ಕಬ್ಬು, ಒಂದು ಹಳೆಯ ಮೊಪೆಡ್ಡು, ಇವು ಅವನ ಲೋಕ. ಹಿಂದೊಮ್ಮೆ ಹೈನುಗಾರರನ್ನು ಹೊರದೇಶಕ್ಕೆ ಕರೆದುಕೊಂಡು ಹೋಗುತ್ತಾರೆಂದು ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದ. ಆ ಪ್ರವಾಸ ರದ್ದಾಗಿ ಪಾಸ್‌ಪೋರ್ಟು ಬೀರುವಿನಲ್ಲಿ ಹಾಗೇ ಉಳಿದಿತ್ತು. ಅವ್ವ ಅದನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

ನಾನು ತಕ್ಷಣ ಒಪ್ಪಲಿಲ್ಲ. ಅಪ್ಪ ಹೇಳಿದ ಮಾತು ಕೇಳುವವನಲ್ಲ. ಈಚೆಗೆ ಎರಡು ವರ್ಷದಿಂದ ಅದು ವಿಪರೀತಕ್ಕೆ ಹೋಗಿತ್ತು. ಗೇಟು ಹಾಕು ಎಂದರೆ ದೀಪ ಹಾಕುತ್ತಿದ್ದ. ಎರಡು ಸಲ ಹೇಳಿದರೆ "ಆಯ್ತು ಬುಡು" ಎಂದು ಎದ್ದು ಹೋಗುತ್ತಿದ್ದ. ಅದಲ್ಲದೆ ಅವನ ಮೇಲೆ ನನಗೊಂದು ಮುನಿಸೂ ಇತ್ತು. ಪಿಯುಸಿ ಆದಮೇಲೆ ನನಗೆ ದನಗಳ ಡಾಕ್ಟರಾಗುವ ಓದಿಗೆ ಬೀದರಿನಲ್ಲಿ ಸೀಟು ಸಿಕ್ಕಿತ್ತು. ಅಪ್ಪ "ಅಷ್ಟು ದೂರ ಬ್ಯಾಡ" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ನಾನು ಮಂಡ್ಯದಲ್ಲಿ ಬಿಎಸ್ಸಿ ಓದಿ ಮೇಷ್ಟ್ರಾದೆ. ಇಪ್ಪತ್ತೊಂದು ವರ್ಷ ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಹೋದ ವರ್ಷ ನಮ್ಮ ಮನೆಯ ಹಸುವೊಂದು ಕರು ಹಾಕಲಾಗದೆ ಸತ್ತ ಸಂಜೆ, ನಾಗಮಂಗಲದಿಂದ ಫೋನು ಮಾಡಿದವಳು ಧೈರ್ಯ ಮಾಡಿ ಹೇಳಿಯೇ ಬಿಟ್ಟೆ: "ನೀನು ನನ್ನ ಅವತ್ತು ಕಳಿಸಿದ್ರೆ ಇವತ್ತು ಆ ಹಸು ಉಳೀತಿತ್ತು ಅಪ್ಪ." ಆ ಕಡೆಯಿಂದ ಅಪ್ಪ, "ಹೂಂ, ಹೂಂ. ಆಯ್ತು ಬುಡವ್ವ. ಊಟ ಆಯ್ತಾ?" ಎಂದ. ಅವತ್ತಿನಿಂದ ನಾನು ಅವನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ.

ಆದರೂ ಕರೆದುಕೊಂಡು ಹೋದೆ. ಒಬ್ಬಳೇ ಹೋಗುವ ಭಯ ಮುನಿಸಿಗಿಂತ ದೊಡ್ಡದಾಗಿತ್ತು.

ಪಾಂಡವಪುರ

ಸಾಮಾನು ತರಲು ಇಬ್ಬರೂ ಪಾಂಡವಪುರದ ಪೇಟೆಗೆ ಹೋದೆವು. ಟೋಪಿ, ಟಾರ್ಚು, ಬೆನ್ನಿಗೆ ಹಾಕುವ ಚೀಲ, ಹಗುರವಾದ ಬೂಟು ಎಂದು ಚೀಟಿ ಬರೆದುಕೊಟ್ಟು ಅಪ್ಪನನ್ನು ಒಂದು ಅಂಗಡಿಗೆ ಕಳಿಸಿ ನಾನು ಔಷಧಿ ಅಂಗಡಿಗೆ ಹೋದೆ. ವಾಪಸು ಬಂದಾಗ ಅಪ್ಪ ಹದಿನೈದು ಮಾರು ನೈಲಾನು ಹಗ್ಗ, ಎರಡು ಅಚ್ಚು ಬೆಲ್ಲ ಮತ್ತು ಒಂದು ಪ್ಲಾಸ್ಟಿಕ್ ಬಕೆಟ್ಟು ಹಿಡಿದುಕೊಂಡು ನಿಂತಿದ್ದ.

"ಬಕೆಟ್ ಯಾಕಪ್ಪ?"

"ಅಲ್ಲೇನ್ ಮನೆಯಾ? ಬಯಲು. ನೀರಿಗೇನ್ ಮಾಡ್ತೀಯ?"

"ಬೂಟು ಎಲ್ಲಿ?"

"ಆಯ್ತು ಬುಡು," ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಬಕೆಟ್ಟಿನೊಳಗೆ ಐದು ಕೇಜಿ ರಾಗಿಹಿಟ್ಟು ತುಂಬಿ, ಮೇಲೆ ಪಂಚೆ ಕಟ್ಟಿ, ಅದನ್ನೇ ಒಂದು ಲಗೇಜು ಎಂದು ವಿಮಾನಕ್ಕೆ ಹಾಕಿದೆವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಚಕ್ರವಿರುವ ನೂರಾರು ಪೆಟ್ಟಿಗೆಗಳ ನಡುವೆ ನಮ್ಮ ನೀಲಿ ಬಕೆಟ್ಟು ಪಟ್ಟಿಯ ಮೇಲೆ ಮೆರವಣಿಗೆ ಹೊರಟದ್ದನ್ನು ನೋಡಿ ನನಗೆ ನೆಲ ಸೀಳಿ ಇಳಿದುಹೋಗೋಣ ಎನಿಸಿತು. ಅಪ್ಪ ಮಾತ್ರ ಅದು ಕಣ್ಮರೆಯಾಗುವ ತನಕ ಕಾವಲು ನಿಂತಿದ್ದ.

ನೈರೋಬಿ

ಅಲ್ಲಿ ಇಳಿದವರನ್ನು ಒಬ್ಬೊಬ್ಬರಾಗಿ ಅಧಿಕಾರಿಗಳ ಮುಂದೆ ನಿಲ್ಲಿಸುತ್ತಾರೆ. ನಾನು ಹಳದಿ ಗೆರೆಯ ಹಿಂದೆ ನಿಲ್ಲಬೇಕು, ಅಪ್ಪ ಒಬ್ಬನೇ ಹೋಗಬೇಕು. ವಿಮಾನದಲ್ಲಿ ಇಡೀ ದಾರಿ ಅಪ್ಪನಿಗೆ ಒಂದೇ ಪಾಠ ಹೇಳಿಕೊಟ್ಟಿದ್ದೆ: ಎಷ್ಟು ದಿನ ಎಂದು ಇಂಗ್ಲಿಷಿನಲ್ಲಿ ಕೇಳಿದರೆ 'ಟೆನ್' ಎನ್ನು.

ಅಧಿಕಾರಿ ಹೆಂಗಸು ಮೆತ್ತಗೆ ಏನೋ ಕೇಳಿದಳು. ಅಪ್ಪ "ಟೆನ್" ಎಂದ. ಆಕೆ ಮತ್ತೇನೋ ಕೇಳಿದಳು. "ಟೆನ್." ಹೆಸರು ಕೇಳಿದಳೆಂದು ಕಾಣುತ್ತದೆ, ಪಾಸ್‌ಪೋರ್ಟು ತೋರಿಸಿ ಬೆರಳಿಟ್ಟಳು. ಅಪ್ಪ ಇನ್ನೂ ಗಟ್ಟಿಯಾಗಿ "ಟೆನ್" ಎಂದ. ಸಾಲಿನಲ್ಲಿದ್ದವರು ನಗತೊಡಗಿದರು. ನಾನು ಗೆರೆ ದಾಟಿ ಓಡಿದೆ, ಪೊಲೀಸಿನವನು ನನ್ನನ್ನು ಗೆರೆಯ ಹಿಂದಕ್ಕೆ ತಂದು ನಿಲ್ಲಿಸಿದ. ಕೊನೆಗೆ ಆಕೆ ಸೋತು ಮುದ್ರೆ ಒತ್ತಿ ಕಳಿಸಿದಳು.

ಮುಂದೆ ಸುಂಕದವರು ಬಕೆಟ್ಟು ಬಿಚ್ಚಿಸಿದರು. ಐದು ಕೇಜಿ ಬೂದುಬಣ್ಣದ ಪುಡಿ. ವಯಸ್ಸಾದ ಅಧಿಕಾರಿಯೊಬ್ಬ ಒಂದು ಚಿಟಿಕೆ ತೆಗೆದು ಮೂಸಿ, ನಾಲಿಗೆಗೆ ಹಚ್ಚಿ, ಮುಖ ಅರಳಿಸಿ "ವಿಂಬಿ" ಎಂದು ಜೊತೆಯವನನ್ನು ಕೂಗಿದ. ರಾಗಿಗೆ ಅಲ್ಲಿ ವಿಂಬಿ ಎನ್ನುತ್ತಾರಂತೆ. ಅವರ ಹಳ್ಳಿಯಲ್ಲೂ ಬೆಳೆಯುತ್ತಾರಂತೆ. ಅವನು ಅಪ್ಪನ ಕೈ ಕುಲುಕಿ ಪಂಚೆಯನ್ನು ತಾನೇ ಮತ್ತೆ ಬಿಗಿದು ಕಟ್ಟಿಕೊಟ್ಟ.

"ನೋಡಿದಾ? ನೀನ್ ಬ್ಯಾಡ ಅಂತಿದ್ದೆ," ಎಂದ ಅಪ್ಪ.

ಹೊರಗೆ ಜೋಸೆಫ್ ಎಂಬವನು ನಮ್ಮ ಹೆಸರಿನ ಹಲಗೆ ಹಿಡಿದು ಕಾಯುತ್ತಿದ್ದ. ಐವತ್ತರ ಆಸುಪಾಸಿನ ಎತ್ತರದ ಆಳು. ಆ ಹತ್ತು ದಿನವೂ ಗಾಡಿ ಓಡಿಸುವುದು, ದಾರಿ ತೋರಿಸುವುದು, ಅಡುಗೆ ಮಾಡುವುದು ಎಲ್ಲ ಅವನದೇ. ಅಪ್ಪನನ್ನು ಕಂಡೊಡನೆ ಬಗ್ಗಿ "ಮ್ಜೇ" ಎಂದ. ಅಲ್ಲಿ ಹಿರಿಯರನ್ನು ಹಾಗೆ ಕರೆಯುತ್ತಾರೆ; ನಮ್ಮಲ್ಲಿ ಯಜಮಾನ್ರೇ ಎಂದ ಹಾಗೆ.

ನೈವಾಶಾ

ಮೊದಲ ಡೇರೆ ಬಿದ್ದದ್ದು ನೈವಾಶಾ ಎಂಬ ದೊಡ್ಡ ಕೆರೆಯ ದಂಡೆಯಲ್ಲಿ. ಅಪ್ಪ ಇಳಿದು ಒಂದು ಸಲ ಸುತ್ತ ನೋಡಿ, "ತೊಣ್ಣೂರು ಕೆರೆ ಇದ್ದಂಗೇ ಅದೆ. ಬೆಟ್ಟ ಒಂದ್ ಕಮ್ಮಿ," ಎಂದು ತೀರ್ಪು ಕೊಟ್ಟ.

ನಮ್ಮೂರ ಕಡೆಯ ತೊಣ್ಣೂರು ಕೆರೆಯಲ್ಲಿ ಇಲ್ಲದ್ದು ಇಲ್ಲಿತ್ತು. ನೀರಿನಲ್ಲಿ ಕರಿಬಂಡೆಗಳ ಹಾಗೆ ಮುಳುಗಿದ್ದವು ನೀರಾನೆಗಳು. ಜೋಸೆಫ್ ನಮ್ಮನ್ನು ಕೂರಿಸಿ ಮೂರು ನಿಯಮ ಹೇಳಿದ. ಡೇರೆಯೊಳಗೆ ತಿನ್ನುವ ವಸ್ತು ಇಡಬಾರದು. ಕತ್ತಲಾದ ಮೇಲೆ ಹೊರಗೆ ಬರಬೇಕಾದರೆ ಟಾರ್ಚು ಆಡಿಸಿ ಕಾವಲಿನವನನ್ನು ಕರೆಯಬೇಕು. ನೀರಾನೆ ಮೇವಿಗೆ ದಂಡೆ ಹತ್ತಿದಾಗ ಅದಕ್ಕೂ ನೀರಿಗೂ ನಡುವೆ ಯಾರೂ ನಿಲ್ಲಬಾರದು. ಸಿಂಹಕ್ಕಿಂತ ಅದೇ ಅಪಾಯ. ನಾನು ಒಂದೊಂದನ್ನೂ ಕನ್ನಡದಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ನನ್ನ ಮುಖ ನೋಡುತ್ತಾ ತಲೆದೂಗಿದ. "ಆಯ್ತು ಬುಡು."

ಸಂಜೆಯೊಳಗೆ ಎರಡು ನಿಯಮ ಮುರಿದಿದ್ದವು. ಬೆಲ್ಲದ ಅಚ್ಚುಗಳನ್ನು ಅಪ್ಪ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದ. ನಾವು ಚಹಾ ಕುಡಿಯುವಾಗ ಕರಿಮುಖದ ಕೋತಿಗಳು ಡೇರೆಯ ಜಿಪ್ಪನ್ನು ನಮಗಿಂತ ಚೆನ್ನಾಗಿ ಬಿಚ್ಚಿ ಒಳಗೆ ಹೋಗಿ, ಒಂದು ಅಚ್ಚು ಮರದ ಮೇಲೆ, ಇನ್ನೊಂದು ಅಚ್ಚು ಪಕ್ಕದ ಡೇರೆಯ ಮೇಲೆ ಹಂಚಿಕೊಂಡು ತಿಂದವು. ಪಾಂಡವಪುರದ ಬೆಲ್ಲ ಅವಕ್ಕೆ ಬಹಳ ಒಗ್ಗಿತು. ಮಾರನೆಯ ಬೆಳಿಗ್ಗೆಯೂ ವಿಚಾರಿಸಲು ಬಂದಿದ್ದವು.

ಅದನ್ನು ಜೋಸೆಫನಿಗೆ ವಿವರಿಸಿ ಕ್ಷಮೆ ಕೇಳಿ ತಿರುಗುವಷ್ಟರಲ್ಲಿ ಅಪ್ಪ ಇರಲಿಲ್ಲ. ಕೆರೆಯ ಅಂಚಿನ ಎರಡು ಮರಗಳ ನಡುವೆ ಬಟ್ಟೆ ಒಣಹಾಕಲು ಹಗ್ಗ ಕಟ್ಟುತ್ತಿದ್ದ. ಅವನಿಗಿಂತ ಮೇಲೆ, ಹುಲ್ಲಿನಲ್ಲಿ, ಒಂದು ನೀರಾನೆ ಆಗಲೇ ಬೇಗನೆ ಹತ್ತಿ ಬಂದು ಮೇಯುತ್ತಿತ್ತು. ಅಂದರೆ ಅಪ್ಪ ಸರಿಯಾಗಿ ಅದಕ್ಕೂ ನೀರಿಗೂ ನಡುವೆ. ನಾನು ಕೂಗಿದೆ. ಕಾವಲಿನವನು ಕೂಗಿದ. ಅಪ್ಪ ನಿಧಾನಕ್ಕೆ ಗಂಟು ಬಿಗಿದು, ತಿರುಗಿ ಅದನ್ನು ಕಂಡು, ಮನೆಯ ಎಮ್ಮೆಗೆ ಹೇಳುವ ದನಿಯಲ್ಲಿ "ಹೇ, ತಿರುಗು, ತಿರುಗು ಅತ್ಲಾಗೆ," ಎಂದು ಕೈ ಬೀಸಿದ. ಅದು ಯಾಕೋ ಏನೋ ಅತ್ತಲಾಗೇ ತಿರುಗಿತು. ಕಾವಲಿನವನು ಹಣೆ ಒರೆಸಿಕೊಂಡು ಅವನ ಭಾಷೆಯಲ್ಲಿ ಐದು ನಿಮಿಷ ಬೈದ. ಅಪ್ಪ ನಗುನಗುತ್ತಾ ಕೇಳಿಸಿಕೊಂಡ.

"ಕೂಗಿದ್ರೆ ತಿರುಗಿ ನೋಡಕ್ಕಾಗಲ್ವಾ?" ಎಂದು ನಾನು ರೇಗಿದೆ.

"ಎಮ್ಮೆ ಅನ್ಕಂಡೆ. ಆಯ್ತು ಬುಡು."

ಇಷ್ಟರ ಮೇಲೆ ಗಡಿಯಾರದ ಕಾಟ. ಊರಿನಲ್ಲಿ ಅಪ್ಪ ಬೆಳಗಿನ ನಾಲ್ಕೂವರೆಗೆ ಹಾಲು ಕರೆಯಲು ಏಳುತ್ತಾನೆ. ಆಗ ಕೀನ್ಯಾದಲ್ಲಿ ಎರಡು ಗಂಟೆ. ಆ ಹೊತ್ತಿಗೆ ಎದ್ದು ಕೂತು, ತಲೆಗೆ ಟವೆಲ್ಲು ಸುತ್ತಿ, ಹೊರಗೆ ಹೋಗುತ್ತೇನೆಂದು ಜಿಪ್ಪು ತಡಕುವುದು, ನಾನು ಕಾಲು ಹಿಡಿದು ಎಳೆಯುವುದು. ಡೇರೆಯ ಬಟ್ಟೆಗೆ ಒಂದು ಮೊಳ ದೂರದಲ್ಲಿ ನೀರಾನೆ ಪರಪರ ಹುಲ್ಲು ಕೀಳುವ ಸದ್ದಿಗೆ ನಾನು ಉಸಿರು ಬಿಗಿಹಿಡಿದು ಬೆಳಗು ಮಾಡಿದೆ. ಅಪ್ಪ ಮತ್ತೆ ಮಲಗಿ ಗೊರಕೆ ಹೊಡೆದು ಎದ್ದು, "ಒಳ್ಳೆ ಜಾಗ. ಒಂದ್ ಸದ್ದಿಲ್ಲ," ಎಂದ.

ಮಾರಾ, ಮೊದಲ ಎರಡು ದಿನ

ಮಾಸಾಯಿ ಮಾರಾ ಎಂಬ ಹುಲ್ಲುಬಯಲಿಗೆ ಬಂದ ಮೇಲೆ ನನಗೆ ಅಪ್ಪನನ್ನು ಬಿಟ್ಟು ಬೇರೆ ಏನನ್ನಾದರೂ ನೋಡಲು ಸಾಧ್ಯವಾದೀತು ಎಂದುಕೊಂಡಿದ್ದೆ. ಕಣ್ಣು ಹಾಯುವಷ್ಟು ದೂರ ಬಂಗಾರದ ಬಣ್ಣದ ಹುಲ್ಲು, ಅದರಲ್ಲಿ ಜೀಬ್ರಾ, ಜಿರಾಫೆ. ಹದಿನೆಂಟು ವರ್ಷ ಹಲಗೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದ ಪ್ರಾಣಿಗಳೆಲ್ಲ ಕಣ್ಣ ಮುಂದೆ ಉಸಿರಾಡುತ್ತಿದ್ದವು. ಅಪ್ಪ ಕೆಳಗೆ ನೋಡಿ, "ಇಷ್ಟು ಹುಲ್ಲು ಸುಮ್ನೆ ಒಣಗಿಸ್ತಾವ್ರಲ್ಲ," ಎಂದು ಮರುಗಿದ.

ಮಾರನೆಯ ದಿನ ಎರಡು ಗಂಟೆ ಗಾಡಿಯಲ್ಲಿ ಕುಲುಕಾಡಿದ ಮೇಲೆ ಜೋಸೆಫ್ ಒಂದು ಮರದ ಕೆಳಗೆ ನಿಲ್ಲಿಸಿ ತುಟಿಯ ಮೇಲೆ ಬೆರಳಿಟ್ಟ. ಕೊಂಬೆಯ ಮೇಲೆ ಚಿರತೆ ಕಾಲು ಇಳಿಬಿಟ್ಟು ಮಲಗಿತ್ತು. ಸುತ್ತ ಹತ್ತು ಗಾಡಿ, ಒಳಗೆ ಹಲವು ದೇಶದ ಜನ, ಉಸಿರೂ ಬಿಡದೆ ಕೂತಿದ್ದರು. ಆ ಮೌನದಲ್ಲಿ ಅಪ್ಪ ಡೈರಿಯಲ್ಲಿ ಮಾತಾಡುವ ಗಂಟಲಿನಲ್ಲಿ ಕೇಳಿದ:

"ಇದೇನಾ? ಇದ್ಕಿಂತ ದಪ್ಪದ್ದು ನಮ್ಮ ಕಬ್ಬಿನ ಗದ್ದೇಲವೆ ಕಣವ್ವ. ಇದ್ನ ನೋಡಕೆ ಇಷ್ಟ್ ದೂರ ಬರ್ಬೇಕಿತ್ತಾ?"

ಹತ್ತೂ ಗಾಡಿಯವರು ತಿರುಗಿದರು. ಚಿರತೆ ಒಂದು ಕಣ್ಣು ತೆರೆದು ಅಪ್ಪನನ್ನು ನೋಡಿ, ಎದ್ದು, ಮರದ ಆಚೆ ಬದಿಯಿಂದ ಇಳಿದು ಹುಲ್ಲಿನಲ್ಲಿ ಸೇರಿಹೋಯಿತು. "ಮೆತ್ತಗೆ ಮಾತಾಡಪ್ಪ," ಎಂದು ಅವನ ತೊಡೆ ಚಿವುಟಿದೆ. "ಮೆತ್ತಗೇ ಮಾತಾಡ್ದೆ," ಎಂದ.

ಅವನ ಮನಸ್ಸು ತುಂಬಿದ್ದು ಬೇರೆ ಕಡೆ. ನಮ್ಮ ಡೇರೆಗಳಿದ್ದದ್ದು ನದಿಯ ದಂಡೆಯ ಒಂದು ಬಿಡಾರದಲ್ಲಿ. ಬೇಲಿ ಇಲ್ಲ. ಹಗಲು ರಾತ್ರಿ ಕಾವಲಿಗೆ ಲೆಮಯಾನ್ ಎಂಬ ಮಾಸಾಯಿ ಇದ್ದ. ಮಾಸಾಯಿಗಳು ದನ ಸಾಕುವ ಜನ. ಕೆಂಪು ಬಟ್ಟೆ ಹೊದ್ದು ಕೋಲು ಹಿಡಿದ ಲೆಮಯಾನನಿಗೆ ಅಪ್ಪನಿಗಿಂತ ಹತ್ತು ವರ್ಷ ಕಡಿಮೆ ಇದ್ದೀತು. ಮೊದಲ ದಿನವೇ ಅವನು ತನ್ನ ತಮ್ಮ ಮೇಯಿಸುತ್ತಿದ್ದ ದನಗಳ ಹಿಂಡಿಗೆ ಅಪ್ಪನನ್ನು ಕರೆದೊಯ್ದ. ಮಾತು ತಿಳಿಸಿಕೊಡೋಣವೆಂದು ನಾನೂ ಜೋಸೆಫನೂ ಹಿಂದೆ ಹೋದರೆ ಅಲ್ಲಿ ನಮಗೆ ಕೆಲಸವೇ ಇರಲಿಲ್ಲ. ಅಪ್ಪ ಒಂದು ಹಸುವಿನ ಬಾಯಿ ತೆರೆದು ಹಲ್ಲು ನೋಡಿ ನಾಲ್ಕು ಬೆರಳು ತೋರಿಸಿದ. ಲೆಮಯಾನ್ ಐದು ತೋರಿಸಿದ. ಅಪ್ಪ ತಲೆ ಅಲ್ಲಾಡಿಸಿ ಮತ್ತೆ ನಾಲ್ಕು ತೋರಿಸಿದ. ಇನ್ನೊಂದರ ಕೆಚ್ಚಲು ಮುಟ್ಟಿ, ಒಂದು ಮೊಲೆ ಬಾತಿದೆಯೆಂದು ತೋರಿಸಿ, ಬಿಸಿನೀರಿನಿಂದ ಹೇಗೆ ಕಾವು ಕೊಡಬೇಕೆಂದು ಗಾಳಿಯಲ್ಲೇ ಮಾಡಿ ತೋರಿಸಿದ. ಇಬ್ಬರೂ ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕೈಯಲ್ಲಿ, ಕಣ್ಣಲ್ಲಿ, ಕಡ್ಡಿಯಿಂದ ಮಣ್ಣಿನ ಮೇಲೆ ಗೀಚುತ್ತ, ಹೊತ್ತು ಮುಳುಗುವ ತನಕ ಹರಟಿದರು.

ಅಪ್ಪನನ್ನು ಅಷ್ಟು ಹಗುರವಾಗಿ ನಾನು ಎರಡು ವರ್ಷದಿಂದ ನೋಡಿರಲಿಲ್ಲ. ಯಾರ ಮಾತೂ ಯಾರಿಗೂ ತಿಳಿಯದ ಜಾಗದಲ್ಲಿ ಅವನು ಹಾಯಾಗಿದ್ದ. ಯಾಕೆ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ನನ್ನ ಮಾತು ಕೇಳದವನು ಗೊತ್ತಿಲ್ಲದವನ ಹತ್ತಿರ ಇಷ್ಟು ಚೆನ್ನಾಗಿರುತ್ತಾನಲ್ಲ ಎಂದು ಹೊಟ್ಟೆ ಉರಿಯಿತು, ಅಷ್ಟೆ.

ಸಂಜೆ ಜೋಸೆಫ್ ಮೆಕ್ಕೆಜೋಳದ ಹಿಟ್ಟಿನಿಂದ ಉಗಾಲಿ ಮಾಡಿದ. ಬಿಳಿಯ ಮುದ್ದೆ ಎಂದರೆ ತಪ್ಪಾಗದು. ಅಪ್ಪ ಅವನ ಕೈಯಿಂದ ಕೋಲು ಕಿತ್ತುಕೊಂಡು ಪಾತ್ರೆಯನ್ನು ಪಾದಗಳ ನಡುವೆ ಒತ್ತಿಹಿಡಿದು ರಾಗಿಮುದ್ದೆ ತೊಳಸಿ ತೋರಿಸಿದ. ಜೋಸೆಫ್ ಅದನ್ನು ಅಗಿದು ತಿನ್ನಲು ಹೊರಟ. ಅಪ್ಪ ಅವನ ದವಡೆ ಹಿಡಿದು ನಿಲ್ಲಿಸಿ, ಅಗಿಯದೆ ನುಂಗುವುದನ್ನು ಮೂರು ಸಲ ಮಾಡಿ ತೋರಿಸಿದ. ಮೂರನೆಯ ಸಲಕ್ಕೆ ಪಕ್ಕದ ಡೇರೆಯ ಡಚ್ ದಂಪತಿಯೂ ಎದ್ದು ಬಂದು ನೋಡುತ್ತಿದ್ದರು.

ಮಾರಾ, ಮೂರನೆಯ ದಿನ

ಮಧ್ಯಾಹ್ನ ಊಟ ಮುಗಿದು ಬಿಡಾರ ತೂಕಡಿಸುತ್ತಿತ್ತು. ಅಡುಗೆಯ ಚಪ್ಪರದಲ್ಲಿ ನಾನೂ ಜೋಸೆಫನೂ ಕೂತಿದ್ದೆವು. ಮೂವತ್ತು ಹೆಜ್ಜೆ ಆಚೆ ಕಬ್ಬಿಣದ ನೀರಿನ ತೊಟ್ಟಿ, ಅದರ ನಲ್ಲಿಯ ಕೆಳಗೆ ನೀಲಿ ಬಕೆಟ್ಟು. ಅಪ್ಪ ಬನಿಯನ್ನಿನಲ್ಲಿ ನಿಂತು ಬೆನ್ನು ಪೊದೆಯ ಕಡೆ ಮಾಡಿ ಪಂಚೆ ಒಗೆಯುತ್ತಿದ್ದ.

ಪೊದೆ ಎರಡಾಗಿ ಸರಿಯಿತು. ಆನೆ ಬಂತು.

ಅಷ್ಟು ದೊಡ್ಡ ಪ್ರಾಣಿ ಅಷ್ಟು ಮೆಲ್ಲಗೆ ನಡೆಯುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೆ ಹೇಳಿಯೂ ಇದ್ದೆ. ಗಂಡಾನೆ, ಒಂಟಿ, ಒಂದು ದಂತ ತುದಿ ಮುರಿದಿತ್ತು. ಅದಕ್ಕೆ ಬೇಕಾದದ್ದು ತೊಟ್ಟಿಯ ನೀರು. ನಡುವೆ ಅಪ್ಪ.

ನಾನು ಏಳಹೋದೆ. ಜೋಸೆಫ್ ನನ್ನ ರಟ್ಟೆ ಹಿಡಿದು, ಓಡಬೇಡ, ಕಿರುಚಬೇಡ, ಮೆಲ್ಲಗೆ ಕರೆ ಎಂದ. "ಅಪ್ಪ," ಎಂದೆ. ಅಪ್ಪ ಪಂಚೆ ಹಿಂಡಿದ. "ಅಪ್ಪ, ಹಿಂದೆ ನೋಡಬೇಡ, ಈ ಕಡೆ ಬಾ." ಅಪ್ಪ ಸೋಪು ಹುಡುಕಿದ. ಆನೆಯ ಕಾಲ ಕೆಳಗೆ ಒಣಕೊಂಬೆಯೊಂದು ಲಟ್ ಎಂದು ಮುರಿಯಿತು. ಚಪ್ಪರದಲ್ಲಿದ್ದ ನಮಗೇ ಸ್ಪಷ್ಟವಾಗಿ ಕೇಳಿಸಿತು. ಅಪ್ಪ ತಲೆ ಎತ್ತಲಿಲ್ಲ. ನಾನು ನಿಯಮ ಮರೆತು ಗಟ್ಟಿಯಾಗಿ "ಅಪ್ಪಾ" ಎಂದು ಕೂಗಿದೆ. ಆನೆ ಕಿವಿ ಅಗಲಿಸಿ ನಿಂತಿತು. ಅಪ್ಪ ಬಗ್ಗಿ ಎರಡನೆಯ ಸಲ ಸೋಪು ಹಚ್ಚಲು ಶುರುಮಾಡಿದ.

ಆಗ ನನಗೆ ಗೊತ್ತಾಯಿತು. ಆನೆ ಅವನಿಂದ ಹತ್ತು ಅಡಿ ಇತ್ತು, ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು. ಇವನು ಮಾತು ಕೇಳದವನಲ್ಲ. ಇವನಿಗೆ ಕೇಳಿಸುವುದಿಲ್ಲ.

ಲೆಮಯಾನ್ ಎಲ್ಲಿಂದಲೋ ಬಂದು ನಮ್ಮ ಪಕ್ಕದಲ್ಲಿ ನಿಂತಿದ್ದ. ಅವನು ಕೂಗಲಿಲ್ಲ. ಒಂದು ಸಣ್ಣ ಕಲ್ಲು ಎತ್ತಿ ಗುರಿಯಿಟ್ಟು ಎಸೆದ. ಅದು ಬಕೆಟ್ಟಿನ ನೀರಿಗೆ ಬಿದ್ದು ಅಪ್ಪನ ಮುಖಕ್ಕೆ ನೀರು ಹಾರಿತು. ಅಪ್ಪ ತಲೆ ಎತ್ತಿ ಲೆಮಯಾನನನ್ನು ಕಂಡ. ಲೆಮಯಾನ್ ಅಂಗೈ ಮುಂದೆ ಚಾಚಿ ಹಿಡಿದ: ಅಲುಗಬೇಡ. ಅಪ್ಪ ಕಂಬದ ಹಾಗೆ ನಿಂತ. ನನ್ನ ನೂರು ಮಾತಿಗೆ ಸಿಗದ ವಿಧೇಯತೆ ಆ ಒಂದು ಅಂಗೈಗೆ ಸಿಕ್ಕಿತು.

ಆನೆಯ ಸೊಂಡಿಲು ಅಪ್ಪನ ಭುಜದ ಪಕ್ಕದಿಂದ ಹಾದು ಬಕೆಟ್ಟಿಗೆ ಇಳಿಯಿತು. ಅಪ್ಪ ಕಣ್ಣು ಮಾತ್ರ ಕೆಳಗೆ ಹೊರಳಿಸಿ ಅದನ್ನು ನೋಡಿದ. ಸೋಪಿನ ನೀರು ಒಂದು ಗುಟುಕು ಎಳೆದ ಆನೆ ಅದನ್ನಷ್ಟೂ ಅಪ್ಪನ ಬೆನ್ನಿನ ಮೇಲೆ ಬುಸ್ಸೆಂದು ಊದಿತು. ಲೆಮಯಾನ್ ಎರಡು ಬೆರಳು ನೆಲದ ಕಡೆ ಮಾಡಿ ಮೆಲ್ಲಗೆ ನಡೆಸಿ ತೋರಿಸಿದ. ಅಪ್ಪ ಹಾಗೇ ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿದು, ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ, ಚಪ್ಪರಕ್ಕೆ ಬಂದ. ಆನೆ ಬಕೆಟ್ಟನ್ನು ಕಾಲಿನಿಂದ ಚಪ್ಪಟೆ ಮಾಡಿ, ತೊಟ್ಟಿಯ ಮುಚ್ಚಳ ಎತ್ತಿ ಎಸೆದು, ಬೇಕಾದಷ್ಟು ನೀರು ಕುಡಿದು ಹೋಯಿತು.

ನಾನು ಅಪ್ಪನನ್ನು ಹಿಡಿದುಕೊಂಡು ಅತ್ತೆ, ಬೈದೆ, ಅವನ ಬೆನ್ನಿನ ನೊರೆ ಒರೆಸಿದೆ, ಮತ್ತೆ ಬೈದೆ. ಅಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ನೀನು ಕೂಗ್ದಾ?" ಎಂದ.

"ಎಷ್ಟೊಂದು ಸಲ ಕೂಗಿದೆ."

ಅಪ್ಪ ನನ್ನನ್ನು ನದಿಯ ಕಡೆಯ ಮರದ ದಿಮ್ಮಿಯ ಹತ್ತಿರ ಕರೆದುಕೊಂಡು ಹೋಗಿ ಕೂತ.

"ಎಡಗಿವಿ ಪೂರ್ತಿ ಓಗದೆ ಕಣವ್ವ. ಬಲಗಿವೀಲಿ ಗಂಡಸ್ರ ದನಿ ಒಂಚೂರು ಕೇಳ್ತದೆ. ನಿಂದೂ ನಿಮ್ಮವ್ವಂದೂ ಸಣ್ಣ ದನಿ. ಬಾಯಿ ನೋಡ್ಕಂಡು ಅರ್ಥ ಮಾಡ್ಕತೀನಿ. ಆಗ್ದೆ ಓದ್ರೆ ಆಯ್ತು ಬುಡು ಅಂತೀನಿ."

"ಎಷ್ಟು ದಿನದಿಂದ?"

"ಎರಡು ವರ್ಸ ಆಗಿರ್ಬೇಕು."

"ಯಾಕಪ್ಪ ಹೇಳಲಿಲ್ಲ?"

"ಹೇಳುದ್ರೆ ಗಾಡಿ ಕಿತ್ಕತೀರ. ಡೈರೀಲಿ ಕಿವುಡಗೌಡ ಅಂತಾರೆ. ಊರಿಗೋದ್ಮೇಲೂ ಯಾರ್ಗೂ ಅನ್ಬ್ಯಾಡ."

ನಾನು ಫೋನಿನ ಬಗ್ಗೆ ಯೋಚಿಸುತ್ತಿದ್ದೆ. ಫೋನಿನಲ್ಲಿ ಬಾಯಿ ಕಾಣುವುದಿಲ್ಲ. ಎರಡು ವರ್ಷ ನಾನು ನಾಗಮಂಗಲದಿಂದ ಅವನಿಗೆ ಹೇಳಿದ್ದೆಲ್ಲವೂ ಗಾಳಿಗೆ ಹೋಗಿತ್ತು. ಅವತ್ತು ಹಸು ಸತ್ತ ಸಂಜೆ ಆಡಿದ ಮಾತೂ ಅಷ್ಟೇ. ನಾನು ಒಂದು ವರ್ಷ ಮುನಿಸಿಕೊಂಡಿದ್ದು, ಅಪ್ಪ ಕೇಳಿಸಿಕೊಂಡೇ ಇರದ ಮಾತಿಗೆ ಕೊಟ್ಟ ಉತ್ತರದ ಮೇಲೆ.

ಹಾಗಾದರೆ ಮತ್ತೆ ಹೇಳಬೇಕು. ಈಗಲೇ ಹೇಳಬೇಕು, ಮತ್ತು ಗಟ್ಟಿಯಾಗಿ ಹೇಳಬೇಕು. ನಾನು ಅವನ ಬಲಗಿವಿಯ ಪಕ್ಕಕ್ಕೆ ಸರಿದು, "ನನ್ನ ಬೀದರಿಗೆ ಯಾಕೆ ಕಳಿಸಲಿಲ್ಲ?" ಎಂದೆ.

"ಆಂ?"

"ಬ್ಯಾಡ ಅಂದೆಯಲ್ಲ, ಯಾಕೆ? ಡಾಕ್ಟ್ರಾಗೋದು ನನ್ನ ಆಸೆಯಾಗಿತ್ತು."

"ಗಟ್ಟಿಯಾಗಿ ಹೇಳವ್ವ."

ನಾನು ಎದ್ದು ನಿಂತು ಇಡೀ ಮಾರಾಕ್ಕೆ ಕೇಳುವಂತೆ ಕೂಗಿದೆ. ಇಪ್ಪತ್ತೆರಡು ವರ್ಷ ಒಳಗೆ ಇಟ್ಟುಕೊಂಡಿದ್ದನ್ನು ತರಗತಿಯ ಕೊನೆಯ ಬೆಂಚಿಗೆ ಪಾಠ ಹೇಳುವ ದನಿಯಲ್ಲಿ ಒಂದೊಂದೇ ಪದವಾಗಿ ಹೇಳಿದೆ. ಡಚ್ ದಂಪತಿ ಡೇರೆಯಿಂದ ತಲೆ ಹೊರಹಾಕಿದರು. ಜೋಸೆಫ್ ಸೌಟು ಹಿಡಿದು ಚಪ್ಪರದಿಂದ ಹೊರಬಂದ. ನದಿಯ ಆಚೆ ದಂಡೆಯಲ್ಲಿ ಹಕ್ಕಿಗಳು ಎದ್ದವು. ಈ ಸಲ ಅಪ್ಪನಿಗೆ ಪೂರ್ತಿ ಕೇಳಿಸಿತು.

ಅವನು ನದಿ ನೋಡುತ್ತಾ ಹೇಳಿದ.

"ಆ ಕಾಗ್ದ ಬಂದ್ ದಿನ ನಾನು ಪಟ್ಟಣದ ಬಸ್‌ಸ್ಟ್ಯಾಂಡ್ಗೆ ಓಗಿದ್ದೆ. ಬೀದರ್ಗೆ ಎಷ್ಟೊತ್ತು ಅಂತ ಕೇಳ್ದೆ. ಒಂದ್ ಅಗಲು ಒಂದ್ ರಾತ್ರಿ ಅಂದ್ರು. ಅಲ್ಲೇ ಕಲ್ಬೆಂಚಿನ ಮ್ಯಾಲೆ ಕೂತ್ಕಂಡೆ. ನಿಂಗೇನಾರ ಆದ್ರೆ ನಾನು ಬಂದ್ ಸೇರೋ ಅಷ್ಟೊತ್ಗೆ ಏನಾಗಿರ್ತದೋ ಅಂತ ಎದ್ರಿಕೆ ಆಯ್ತು. ಅಷ್ಟೇಯ. ಓದುಸ್ಬಾರ್ದು ಅಂತಲ್ಲ."

"ಆವಾಗಲೇ ಹೇಳಬಹುದಿತ್ತಲ್ಲ?" ಎಂದು ಕಿವಿಯಲ್ಲಿ ಕೂಗಿದೆ.

"ಅಪ್ಪ ಆದೋನು ಎದ್ರಿಕಂಡೆ ಅಂತ ಎಂಗವ್ವ ಹೇಳದು?"

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಒಂದು ಹಗಲು ಒಂದು ರಾತ್ರಿಯ ಬಸ್ಸಿಗೆ ಹೆದರಿ ನನ್ನ ದಾರಿ ತಿರುಗಿಸಿದವನು ಈಗ ಸಮುದ್ರ ದಾಟಿ ಬಂದು ಆನೆಯ ಸೊಂಡಿಲ ಕೆಳಗೆ ಪಂಚೆ ಒಗೆಯುತ್ತಿದ್ದಾನೆ ಎಂಬುದು ಇನ್ನೂ ಉರಿ ತರಿಸುತ್ತಿತ್ತು. ಆದರೆ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ನಲವತ್ತೇಳು ವರ್ಷದ ಒಬ್ಬ ಗಂಡಸು ಕೈಕಟ್ಟಿ ಕೂತಿದ್ದುದೂ ಅವತ್ತು ನನಗೆ ಮೊದಲ ಸಲ ಕಂಡಿತು. ಉಳಿದ ದಿನಗಳಲ್ಲಿ ನಾನು ಅವನ ಬಲಗಡೆಗೇ ನಡೆದೆ, ಲೆಮಯಾನನಿಂದ ಐದಾರು ಕೈಸನ್ನೆ ಕಲಿತೆ. ನಿಲ್ಲು, ಬಾ, ಹಿಂದೆ ನೋಡು, ಸುಮ್ಮನಿರು. ಜಗಳ ಅರ್ಧಕ್ಕರ್ಧ ಕಡಿಮೆಯಾಯಿತು. ಉಳಿದರ್ಧಕ್ಕೆ ಕಿವಿ ಕಾರಣವಲ್ಲ, ಅಪ್ಪನೇ ಕಾರಣ.

ಮರಳಿ ಕಿರಂಗೂರು

ಬಂದ ವಾರದಲ್ಲೇ ಅವನನ್ನು ಮೈಸೂರಿಗೆ ಕರೆದೊಯ್ದು ತೋರಿಸಿದೆ. ಎಡಗಿವಿ ಆಗುವುದಿಲ್ಲ, ಬಲಗಿವಿಗೆ ಮಿಷನ್ನು ಹಾಕಬಹುದು ಎಂದರು. ಹುಣಸೆಬೀಜದಷ್ಟು ಸಣ್ಣದು. ಅವ್ವನಿಗೆ ಮಾತ್ರ ಹೇಳಿದೆವು. ಅವ್ವ ಸ್ವಲ್ಪ ಹೊತ್ತು ಅವನನ್ನೇ ನೋಡಿ, "ಎರಡ್ ವರ್ಸ ಗೋಡೆ ಜೊತೆ ಸಂಸಾರ ಮಾಡ್ದಂಗಾಯ್ತಲ್ಲ ನಂದು," ಎಂದು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಊರಿನಲ್ಲಿ ಯಾರಿಗೂ ಹೇಳಬಾರದೆಂದು ಅಪ್ಪ ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡ. ಮನೆಯಲ್ಲಿ ಮಿಷನ್ನು ಕಿವಿಯಲ್ಲಿ, ಬೀದಿಗೆ ಹೊರಟರೆ ಅಂಗಿಯ ಜೇಬಿನಲ್ಲಿ.

ಒಂದು ಭಾನುವಾರ ಸಂಜೆ ಹಾಲಿನ ಕ್ಯಾನು ಹಿಡಿದುಕೊಂಡು ನಾನೂ ಅವನ ಜೊತೆ ಡೈರಿಗೆ ಹೋದೆ. ಸಾಲಿನಲ್ಲಿ ಹದಿನೈದು ಇಪ್ಪತ್ತು ಜನ. ಆನೆಯ ಕಥೆ ಆಗಲೇ ಹತ್ತು ಸಲ ಆಗಿರಬೇಕು. ಆದರೂ ಮತ್ತೆ ಹೇಳಿಸಿದರು. ಅಪ್ಪ ಚೆನ್ನಾಗಿಯೇ ಹೇಳಿದ. ಅವನ ಕಥೆಯಲ್ಲಿ ಆನೆಗೆ ಎರಡು ದಂತವೂ ಪೂರ್ತಿ ಇದ್ದವು.

"ಬೆನ್ನಿಂದೆ ಬಂದ್ ನಿಂತದೆ. ನಾನು ತಿರುಗ್ಲಿಲ್ಲ. ಪಂಚೆ ಒಗೀತಾನೇ ಇದ್ದೆ."

"ಅಲ್ಲ ಬೋರಣ್ಣ," ಎಂದ ಸಾಲಿನ ಮುಂದಿದ್ದ ನಿಂಗಪ್ಪ. ನಮ್ಮ ಪಕ್ಕದ ಗದ್ದೆಯವನು, ಅಪ್ಪನಿಗಿಂತ ಎರಡು ವರ್ಷ ಚಿಕ್ಕವನು. ಎಲ್ಲರಿಗೂ ಕೇಳುವ ದಪ್ಪ ದನಿ ಅವನದು. "ಎಂಥಾ ಗುಂಡ್ಗೆ ನಿಂದು. ಎದ್ರಿಕೆ ಆಗ್ನಿಲ್ವಾ?"

ಎಲ್ಲರೂ ಅಪ್ಪನ ಮುಖ ನೋಡಿದರು. ನಾನೂ ನೋಡಿದೆ. ಅವನು ಏನು ಬೇಕಾದರೂ ಹೇಳಬಹುದಿತ್ತು, ಎಲ್ಲರೂ ನಂಬುತ್ತಿದ್ದರು. ಅಪ್ಪ ಒಂದು ಸಲ ನನ್ನ ಕಡೆ ತಿರುಗಿದ. ಆಮೇಲೆ ಕ್ಯಾನನ್ನು ಕೆಳಗಿಟ್ಟ.

"ಗುಂಡ್ಗೆ ಅಲ್ಲ ಕಣ್ಲಾ. ಕೇಳಿಸ್ನೇ ಇಲ್ಲ. ಕಿವಿ ಓಗದೆ ನಂಗೆ. ಆಮ್ಯಾಕೆ ಗೊತ್ತಾಗಿ ಎದ್ರಿಕೆ ಆಯ್ತು."

ಜೇಬಿನಿಂದ ಮಿಷನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಜನ ಸುತ್ತ ಸೇರಿ ನೋಡಿದರು. ಒಬ್ಬ ಇದಕ್ಕೆ ಸೆಲ್ಲು ಎಲ್ಲಿ ಹಾಕುತ್ತಾರೆಂದು ಕೇಳಿದ, ಇನ್ನೊಬ್ಬ ನಕ್ಕ, ಯಾರೋ ನಕ್ಕವನಿಗೆ ಬೈದರು. ಸಾಲು ಮುಂದಕ್ಕೆ ಸರಿಯಿತು. ಅಪ್ಪ ಮಿಷನ್ನನ್ನು ಮತ್ತೆ ಜೇಬಿಗೆ ಹಾಕಿ ಕ್ಯಾನು ಎತ್ತಿಕೊಂಡ.

ಹಾಲು ಹಾಕಿ ಹೊರಗೆ ಬಂದಾಗ ನಿಂಗಪ್ಪ ಗೋಡೆಯ ಪಕ್ಕ ಕಾಯುತ್ತಿದ್ದ. ಆಚೆ ಈಚೆ ನೋಡಿ, ಅಪ್ಪನ ಹತ್ತಿರಕ್ಕೆ ಬಂದು, ತನ್ನ ದಪ್ಪ ದನಿಯನ್ನು ಆದಷ್ಟು ಸಣ್ಣ ಮಾಡಿಕೊಂಡು ಏನೋ ಕೇಳಿದ.

"ಏನಂದೆ?" ಎಂದ ಅಪ್ಪ. "ಗಟ್ಟಿಯಾಗಿ ಅನ್ಲಾ."

ನಿಂಗಪ್ಪ ಇನ್ನೊಂದು ಸಲ ಪಿಸುಗುಟ್ಟಿದ. ಅಪ್ಪ ಬಲಗಿವಿಯ ಹಿಂದೆ ಕೈಯಿಟ್ಟು ಬಗ್ಗಿದ. ನಿಂಗಪ್ಪ ನನ್ನ ಮುಖ ನೋಡಿದ, ನೆಲ ನೋಡಿದ, ಕೊನೆಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದ:

"ಯಾವ ಡಾಕ್ಟ್ರು ಅಂತ ಕೇಳ್ದೆ ಕಣಣ್ಣ. ನಂಗೂ ತೋರುಸ್ಬೇಕು."